ಟರ್ಕಿ ಕೋಳಿ: ಹಿತ್ತಲಿನಿಂದ ಶೆಡ್ಡಿಗೆ, ಶೆಡ್ಡಿನಿಂದ ಮತ್ತೆ ಹಿತ್ತಲಿಗೆ

ಟರ್ಕಿ ಕೋಳಿ ಸಾಕಬಹುದಾ? ಲಾಭ ಇದೆಯಾ? ಮರಿ ಎಲ್ಲಿ ಸಿಗುತ್ತದೆ?

ಕೃಷಿಯ ಬಗ್ಗೆ ಬರೆಯುವ ನಮ್ಮ ಬಳಗಕ್ಕೆ ಈ ಮೂರು ಪ್ರಶ್ನೆಗಳು ಆಗಾಗ ಬರುತ್ತಿರುತ್ತವೆ. ಮೂರನೆಯದಕ್ಕೆ ಉತ್ತರ ಸುಲಭ, ಒಂದು ಫೋನ್ ನಂಬರ್ ಕೊಟ್ಟರೆ ಮುಗಿಯಿತು. ಮೊದಲೆರಡಕ್ಕೆ ಹಾಗೆ ಬಾಯಿಗೆ ಬಂದ ಉತ್ತರ ಕೊಡುವಂತಿಲ್ಲ. "ರೋಗವೇ ಬಾರದ ಕೋಳಿ", "ಹುಲ್ಲು ತಿಂದು ಹತ್ತು ಕೆಜಿ ತೂಗುವ ಕೋಳಿ" ಎಂಬ ವೀಡಿಯೊಗಳನ್ನು ನೀವೂ ನೋಡಿರುತ್ತೀರಿ. ಅವನ್ನು ನಂಬಿ ಮೂವತ್ತು ಮರಿ ತಂದು, ತಿಂಗಳೊಳಗೆ ಮೂರಕ್ಕೆ ಇಳಿಸಿಕೊಂಡವರನ್ನು ನಾವು ನೋಡಿದ್ದೇವೆ. ಅವರು ಮಾಡಿದ ತಪ್ಪು ಹೊಸದೇನಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಅಮೆರಿಕದ ಸಣ್ಣ ರೈತರು ಅದೇ ತಪ್ಪು ಮಾಡಿ ಹಿತ್ತಲಿನ ಟರ್ಕಿಯನ್ನೇ ಕಳೆದುಕೊಂಡರು. ಕಳೆದುಕೊಂಡದ್ದನ್ನು ಮತ್ತೆ ಹುಡುಕಿ ತರಲು ಅವರಿಗೆ ಮೂರು ತಲೆಮಾರು ಬೇಕಾಯಿತು. ಆ ಕತೆ ತಿಳಿಯದೆ ಮರಿಗೆ ಮುಂಗಡ ಕಟ್ಟಬೇಡಿ ಎನ್ನುವುದು ನಮ್ಮ ಮಾತು.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಟರ್ಕಿ ಕೋಳಿಗೂ ಟರ್ಕಿ ದೇಶಕ್ಕೂ ಸಂಬಂಧವಿಲ್ಲ. ಇದರ ತವರು ಮೆಕ್ಸಿಕೊ. ಆಫ್ರಿಕಾದ ಗಿನಿ ಕೋಳಿಯನ್ನು ಇಂಗ್ಲೆಂಡಿಗೆ ತರುತ್ತಿದ್ದವರು ಟರ್ಕಿ ಕಡೆಯಿಂದ ಬರುವ ವ್ಯಾಪಾರಿಗಳು. ಅದರ ಹಿಂದೆಯೇ ಮೆಕ್ಸಿಕೊದ ಹಕ್ಕಿಯೂ ಬಂದಾಗ ಇಂಗ್ಲಿಷರು ಎರಡನ್ನೂ ಒಂದೇ ಹೆಸರಿನಲ್ಲಿ ಕರೆದರು, ಅದೇ ಉಳಿಯಿತು. ತಮಾಷೆ ಎಂದರೆ ಟರ್ಕಿ ದೇಶದವರು ಇದನ್ನು ಕರೆಯುವುದು 'ಹಿಂದಿ' ಎಂದು! ಅಂದರೆ ಹಿಂದೂಸ್ತಾನದ್ದು. ಫ್ರೆಂಚರ 'ದಾಂದ್' ಕೂಡ 'ಇಂಡಿಯಾದ್ದು' ಎಂಬ ಮಾತಿನಿಂದ ಬಂದದ್ದು. ಡಚ್ಚರಂತೂ ಊರನ್ನೇ ಹೆಸರಿಸಿ 'ಕಲ್ಕೂನ್' ಎಂದರು, ಎಂದರೆ ಕಲ್ಲಿಕೋಟೆಯ ಕೋಳಿ. ನಮ್ಮ ಪಕ್ಕದ ಕಲ್ಲಿಕೋಟೆಯವರು ಕಂಡೇ ಇರದಿದ್ದ ಹಕ್ಕಿಗೆ ಅವರ ಊರಿನ ಹೆಸರು. ಆ ಹೆಸರು ಹಡಗು ಹತ್ತಿ ಶ್ರೀಲಂಕಾಕ್ಕೆ ಬಂದು ಸಿಂಹಳದಲ್ಲಿ 'ಕಲುಕುಮ್' ಆಯಿತು. ಪೋರ್ಚುಗೀಸರು 'ಪೆರು' ಎಂದರು, ಹಿಂದಿಯ 'ಪೀರೂ' ಬಂದದ್ದು ಅಲ್ಲಿಂದ. ಅರಬರಿಗೆ ಇದು ರೋಮಿನ ಹುಂಜ. ಯಾರನ್ನು ಕೇಳಿದರೂ ಬೇರೆ ಯಾವುದೋ ದೇಶದ ಕಡೆಗೆ ಬೆರಳು ತೋರಿಸುತ್ತಾರೆ. ಸೀಮೆಹಸು, ಸೀಮೆಎಣ್ಣೆ, ಸೀಮೆಬದನೆ ಎಂದು ಕರೆದ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹೊರಗಿನಿಂದ ಬಂದದ್ದೆಲ್ಲ 'ಸೀಮೆ'ಯದು. ಯಾವ ಸೀಮೆ ಎಂದು ಕೇಳುವವರು ಯಾರು?

ತವರಿನಲ್ಲಿ ಇದರ ಹೆಸರು 'ಹುಎಶೊಲೊತ್ಲ್'. ಮೆಕ್ಸಿಕೊದಲ್ಲಿ ಇವತ್ತಿಗೂ 'ಗ್ವಾಹೊಲೋತೆ' ಎನ್ನುವುದು ಅದೇ ಪದದ ಸವೆದ ರೂಪ. ಅಲ್ಲಿಯವರು ಇದನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಪಳಗಿಸಿದ್ದರು. ಓಹಾಕಾ ಪ್ರಾಂತದ ಮಿಟ್ಲಾ ಎಂಬಲ್ಲಿ ಸುಮಾರು 1500 ವರ್ಷ ಹಳೆಯ ಮನೆಯ ನೆಲದಡಿ ಟರ್ಕಿ ಮೊಟ್ಟೆಗಳು ಸಿಕ್ಕಿವೆ. ಕೆಲವು ಇಡಿಯಾಗಿದ್ದವು, ಪೂಜೆಗೆ ಇಟ್ಟವು. ಮನೆಯಲ್ಲೇ ಸಾಕದವರಿಗೆ ಮೊಟ್ಟೆ, ಮರಿ, ದೊಡ್ಡ ಹಕ್ಕಿ ಎಲ್ಲವೂ ಒಂದೇ ಜಾಗದಲ್ಲಿ ಸಿಗುವುದು ಸಾಧ್ಯವಿಲ್ಲ ಎಂಬುದು ಉತ್ಖನನ ಮಾಡಿದವರ ತರ್ಕ. ಮೆಕ್ಸಿಕೊದ ಹಳ್ಳಿಗಳಲ್ಲಿ ಈಗಲೂ ಗ್ವಾಹೊಲೋತೆ ಹೆಂಗಸರ ಹಕ್ಕಿ. ಹಿತ್ತಲಿನಲ್ಲಿ ನಾಲ್ಕಾರು ಇರುತ್ತವೆ. ಮುಸುಕಿನ ಜೋಳದ ನುಚ್ಚು, ಅಡುಗೆ ಮನೆಯ ಉಳಿಕೆ, ತಾವೇ ಹೆಕ್ಕಿಕೊಂಡ ಹುಳು ಹುಪ್ಪಟೆ ಅವುಗಳ ಆಹಾರ. ಮದುವೆಯೋ ಹಬ್ಬವೋ ಬಂದಾಗ ಒಂದನ್ನು ಕೊಯ್ದು 'ಮೊಲೆ' ಎಂಬ ಮೆಣಸಿನಕಾಯಿ ಸಾರಿಗೆ ಹಾಕುತ್ತಾರೆ.

ಮಾಂಸಕ್ಕಾಗಿ ಅಲ್ಲದೆ ಟರ್ಕಿ ಸಾಕಿದವರೂ ಇದ್ದರು. ಈಗಿನ ಅಮೆರಿಕದ ನೈಋತ್ಯ ಭಾಗದ ಒಣ ಬೆಟ್ಟಗಳಲ್ಲಿ ಬದುಕಿದ ಪ್ವೆಬ್ಲೊ ಜನರ ಪೂರ್ವಿಕರು ಮೆಕ್ಸಿಕೊದವರಿಂದ ಮರಿ ತರದೆ, ತಮ್ಮದೇ ಬೇರೆ ತಳಿಯನ್ನು ಪಳಗಿಸಿದ್ದರು ಎಂದು 2010ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿತು. ಅವರು ನೂರಾರು ವರ್ಷ ಟರ್ಕಿ ಸಾಕಿದ್ದು ಮುಖ್ಯವಾಗಿ ಪುಕ್ಕಕ್ಕಾಗಿ. ನಾರಿನ ಹಗ್ಗಕ್ಕೆ ಪುಕ್ಕ ಸುತ್ತಿ ಕಂಬಳಿ ನೇಯುತ್ತಿದ್ದರು. ಯೂಟಾ ರಾಜ್ಯದಲ್ಲಿ ಸಿಕ್ಕ, ಸುಮಾರು 800 ವರ್ಷ ಹಳೆಯ ಅಂಥ ಒಂದು ಹೊದಿಕೆಗೆ 11,000ಕ್ಕೂ ಹೆಚ್ಚು ಪುಕ್ಕ ಬಳಕೆಯಾಗಿದೆ. ಅಷ್ಟು ಪುಕ್ಕಕ್ಕೆ ನಾಲ್ಕರಿಂದ ಹತ್ತು ಹಕ್ಕಿ ಸಾಕಿತ್ತು ಎಂದು ಲೆಕ್ಕ ಹಾಕಿದ್ದಾರೆ. ಕೊಂದು ತೆಗೆದದ್ದಲ್ಲ, ಗರಿ ಉದುರುವ ಕಾಲದಲ್ಲಿ ಜೀವಂತ ಹಕ್ಕಿಯಿಂದ ಕಿತ್ತದ್ದು. ಕುರಿಯ ಉಣ್ಣೆ ಕತ್ತರಿಸುವ ಹಾಗೆ ವರ್ಷ ವರ್ಷವೂ ಕೊಯ್ಲು. ನಮಗೆ ಈ ಸಂಗತಿ ಬಹಳ ಹಿಡಿಸಿತು. ಹಕ್ಕಿಯನ್ನು ತೂಕದಿಂದ ಮಾತ್ರ ಅಳೆಯುವ ನಮ್ಮ ಲೆಕ್ಕದ ಆಚೆ ಇನ್ನೊಂದು ಲೆಕ್ಕ ಇತ್ತಲ್ಲ!

ಸ್ಪೇನಿನವರು 16ನೇ ಶತಮಾನದ ಆರಂಭದಲ್ಲಿ ಈ ಹಕ್ಕಿಯನ್ನು ಯುರೋಪಿಗೆ ಒಯ್ದರು. ಅದು ಹಬ್ಬಿದ ವೇಗ ಆಲೂಗಡ್ಡೆಗೂ ಇರಲಿಲ್ಲ, ಟೊಮೆಟೊಗೂ ಇರಲಿಲ್ಲ. ಹೊಸ ತರಕಾರಿಯನ್ನು ಜನ ಅನುಮಾನದಿಂದ ನೋಡಿದರು. ಕೋಳಿಯಂತೆ ಕಾಣುವ, ನವಿಲಿನಂತೆ ಗರಿ ಬಿಚ್ಚುವ ಹಕ್ಕಿಗೆ ಆ ತೊಂದರೆ ಇರಲಿಲ್ಲ. 1550ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟ್ರಿಕ್‌ಲ್ಯಾಂಡ್ ಎಂಬಾತ ತನ್ನ ಮನೆತನದ ಲಾಂಛನದಲ್ಲೇ ಟರ್ಕಿ ಹುಂಜವನ್ನು ಹಾಕಿಸಿಕೊಂಡ.

ಗೋವಾದಿಂದ ಆಗ್ರಾಕ್ಕೆ

ಭಾರತಕ್ಕೆ ಟರ್ಕಿ ಬಂದದ್ದಕ್ಕೆ ಸಿಗುವ ಚೆಂದದ ದಾಖಲೆ ಮೊಗಲ್ ಬಾದಶಹ ಜಹಾಂಗೀರನ ಆತ್ಮಕಥೆಯಲ್ಲಿದೆ. ಗೋವಾ ಬಂದರಿನಲ್ಲಿ ಸಿಗುವ ಅಪರೂಪದ ವಸ್ತುಗಳನ್ನು ಕೊಂಡು ತರಲು ಆತ ತನ್ನ ಅಧಿಕಾರಿ ಮುಕರ್ರಬ್ ಖಾನನನ್ನು ಕಳಿಸಿದ್ದ. 1612ರಲ್ಲಿ ಖಾನ ತಂದ ಸಾಮಾನುಗಳಲ್ಲಿ ಈ ಹಕ್ಕಿಯೂ ಇತ್ತು. ಬಾದಶಹನಿಗೆ ಪ್ರಾಣಿ ಪಕ್ಷಿಗಳ ಹುಚ್ಚು. ಗಾತ್ರ ಹೆಣ್ಣು ನವಿಲಿಗಿಂತ ದೊಡ್ಡದು, ಗಂಡು ನವಿಲಿಗಿಂತ ಚಿಕ್ಕದು ಎಂದು ಅಳೆದು ಬರೆದ. ಬೆದೆಗೆ ಬಂದಾಗ ಬಾಲ ಹರಡುವುದು, ತಲೆ ಕತ್ತಿನ ಚರ್ಮ ಓತಿಕ್ಯಾತದಂತೆ ಬಣ್ಣ ಬದಲಿಸುವುದು, ಒಮ್ಮೆ ಕೆಂಪು, ಒಮ್ಮೆ ಬಿಳಿ, ಒಮ್ಮೆ ನೀಲಿ, ಎಲ್ಲವನ್ನೂ ಗಮನಿಸಿದ. ಬರೆದದ್ದು ಸಾಲದೆಂದು ಚಿತ್ರ ಬರೆಯಲು ಆಜ್ಞೆ ಮಾಡಿದ. ಉಸ್ತಾದ್ ಮನ್ಸೂರ್ ಬರೆದ ಆ ಟರ್ಕಿ ಹುಂಜ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಟರ್ಕಿ ಸಾಕಿದವರು ಯಾರೇ ಆ ಚಿತ್ರ ನೋಡಲಿ, ಕೊಕ್ಕಿನ ಮೇಲೆ ಜೋತುಬಿದ್ದ ಮಾಂಸದ ತುಂಡನ್ನೂ ಕತ್ತಿನ ಗಂಟುಗಳನ್ನೂ ಕಂಡು "ಸರಿಯಾಗಿದೆ" ಎನ್ನುತ್ತಾರೆ.

ಇಲ್ಲಿ ಒಂದು ಪ್ರಶ್ನೆ. ಅದೇ ಮೆಕ್ಸಿಕೊ ಕಡೆಯಿಂದ, ಅದೇ ಪೋರ್ಚುಗೀಸರ ಹಡಗಿನ ದಾರಿಯಲ್ಲಿ ಬಂದ ಮೆಣಸಿನಕಾಯಿ ನಮ್ಮದೇ ಆಯಿತು. ಪರಂಗಿ ಹಣ್ಣು ಪ್ರತಿ ಹಿತ್ತಲಿಗೂ ಬಂತು. ಮುಸುಕಿನ ಜೋಳ ಹೊಲ ತುಂಬಿತು. ಟರ್ಕಿ ಯಾಕೆ ಬರಲಿಲ್ಲ? ಗೋವಾ ಕಾರವಾರಕ್ಕೆ ಎಷ್ಟು ದೂರ?

ಒಂದು ಕಾರಣ ಕಣ್ಣೆದುರೇ ಇದೆ. ಕೋಳಿ ಏಷ್ಯಾದ ಹಕ್ಕಿ. ನಮ್ಮಲ್ಲಿ ಸಾವಿರಾರು ವರ್ಷಗಳಿಂದ ಮನೆಮನೆಯಲ್ಲೂ ಇತ್ತು. ಎರಡನೆಯ ಹಕ್ಕಿಯ ಅಗತ್ಯ ಯಾರಿಗೂ ಕಾಣಲಿಲ್ಲ. ಇನ್ನೊಂದು ಕಾರಣ ಕಣ್ಣಿಗೆ ಕಾಣದ್ದು. ಎಲ್ಲಿ ಕೋಳಿ ಓಡಾಡಿದೆಯೋ ಆ ನೆಲದಲ್ಲಿ ಟರ್ಕಿ ಮರಿ ಬದುಕುವುದು ಕಷ್ಟ. ಎರಡನೆಯದು ನಮ್ಮ ಊಹೆ, ಆದರೆ ಬುಡವಿಲ್ಲದ ಊಹೆಯಲ್ಲ. ಅದರ ಪುರಾವೆ ಅಮೆರಿಕದಲ್ಲಿದೆ.

ಮನೆಯಾಕೆಯ ದುಡ್ಡು

ಇಂಗ್ಲಿಷರು 17ನೇ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋಗುವಾಗ ಸಾಕಿದ ಟರ್ಕಿಗಳನ್ನು ಜೊತೆಗೆ ಒಯ್ದರು. ಅಮೆರಿಕ ಖಂಡದಿಂದ ಹೊರಟು, ಯುರೋಪು ಸುತ್ತಿ, ಹಕ್ಕಿ ಮರಳಿ ಅಮೆರಿಕಕ್ಕೆ! ಅಲ್ಲಿನ ಕಾಡು ಟರ್ಕಿಯೊಡನೆ ಬೆರೆತು ದೊಡ್ಡ ಮೈಯ, ಗಟ್ಟಿಮುಟ್ಟಾದ ತಳಿಗಳು ಹುಟ್ಟಿದವು. ತಾಮ್ರ ಬಣ್ಣದ ಬ್ರಾಂಜ್, ರೋಡ್ ಐಲ್ಯಾಂಡ್ ರಾಜ್ಯದ ನ್ಯಾರಗಾನ್ಸೆಟ್, ಮುಂದೆ ಕೆಂಟಕಿಯ ಕೆಂಪು ಬೂರ್ಬನ್ ರೆಡ್. 1874ರಲ್ಲಿ ಅಲ್ಲಿನ ಕೋಳಿ ಸಾಕಣೆದಾರರ ಸಂಘ ತಳಿಗಳ ಗುಣಲಕ್ಷಣದ ಪುಸ್ತಕ ತಂದಾಗ ಅದರಲ್ಲಿ ಐದು ಬಗೆಯ ಟರ್ಕಿಗಳಿದ್ದವು.

ಆಗಿನ ಸಾಕಣೆ ನಮ್ಮ ಊರಕೋಳಿ ಸಾಕಣೆಯ ಹಾಗೆಯೇ. ಗೂಡು ಇಲ್ಲ, ತೂಕ ಹಾಕಿ ಆಹಾರ ಇಲ್ಲ. ಹೇಂಟೆ ಪೊದೆಯಲ್ಲಿ ಕದ್ದು ಮೊಟ್ಟೆ ಇಡುತ್ತಿತ್ತು. ಅದರ ಹಿಂದೆ ಸದ್ದಿಲ್ಲದೆ ನಡೆದು ಮೊಟ್ಟೆ ಹುಡುಕುವುದು ಮಕ್ಕಳ ಕೆಲಸ. ಕಾವು ಕೂರುವುದು 28 ದಿನ. ಮರಿಗಳನ್ನು ಹೊಲಕ್ಕೆ ಬಿಟ್ಟರೆ ಮಿಡತೆ, ಹುಳು, ಉದುರಿದ ಕಾಳು ತಿಂದು ಬೆಳೆಯುತ್ತಿದ್ದವು. ತಂಬಾಕು ಬೆಳೆಯುವ ಕಡೆ ಎಲೆಯ ಹುಳು ಹೆಕ್ಕಲೆಂದೇ ಟರ್ಕಿ ಹಿಂಡನ್ನು ಹೊಲಕ್ಕೆ ಅಟ್ಟುತ್ತಿದ್ದರು. ಕೊಯ್ಲು ಮುಗಿದು ಚಳಿ ಹತ್ತುವ ಹೊತ್ತಿಗೆ ಹಕ್ಕಿಗಳು ಕೊಬ್ಬುತ್ತಿದ್ದವು. ಸರಿಯಾಗಿ ಆಗಲೇ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ. 1863ರಲ್ಲಿ ಅಧ್ಯಕ್ಷ ಲಿಂಕನ್ ಅದನ್ನು ಇಡೀ ದೇಶದ ಹಬ್ಬವೆಂದು ಸಾರಿದ ಮೇಲೆ ಬೇಡಿಕೆ ಇನ್ನೂ ಏರಿತು.

ಸಾಕುತ್ತಿದ್ದವರು ಬಹುಪಾಲು ಹೆಂಗಸರು. ಹೊಲದ ಬೆಳೆಯ ದುಡ್ಡು ಗಂಡನ ಜೇಬಿಗೆ. ಮೊಟ್ಟೆ, ಬೆಣ್ಣೆ, ಟರ್ಕಿಯ ದುಡ್ಡು ಮನೆಯಾಕೆಯ ಕೈಗೆ. ಮಕ್ಕಳ ಬೂಟು, ಚಳಿಗಾಲದ ಬಟ್ಟೆ, ಕೆಲವೊಮ್ಮೆ ಜಮೀನಿನ ತೆರಿಗೆಯೂ ಅದರಿಂದಲೇ. ನಮ್ಮಲ್ಲಿ ಹಾಲಿನ ಡೇರಿಯ ದುಡ್ಡು ಎಷ್ಟೋ ಮನೆಗಳಲ್ಲಿ ಇದೇ ಕೆಲಸ ಮಾಡುತ್ತಿದೆ, ಬಿಡಿಸಿ ಹೇಳಬೇಕಾಗಿಲ್ಲ.

ಮಾರುವುದು ಹೇಗೆ? ನಡೆಸಿಕೊಂಡು! ರೈಲಿಗೂ ಮೊದಲು, ಮಂಜುಪೆಟ್ಟಿಗೆಗೂ ಮೊದಲು ಟರ್ಕಿಗಳು ಕಾಲ್ನಡಿಗೆಯಲ್ಲೇ ಪೇಟೆಗೆ ಹೋದವು. ಇಂಗ್ಲೆಂಡಿನಲ್ಲಿ ಇದು ಹಳೆಯ ವಾಡಿಕೆ. 1720ರ ದಶಕದಲ್ಲಿ ದೇಶ ಸುತ್ತಿ ಬರೆದ ಡೇನಿಯಲ್ ಡೆಫೊ ಒಂದು ಸೇತುವೆಯ ಲೆಕ್ಕ ಕೊಡುತ್ತಾನೆ. ಸ್ಟೌರ್ ನದಿಯ ಆ ಸೇತುವೆ ದಾಟಿ ಒಂದೇ ಹಂಗಾಮಿನಲ್ಲಿ 300 ಹಿಂಡುಗಳು ಲಂಡನ್ನಿಗೆ ಹೋಗುತ್ತಿದ್ದವು. ಹಿಂಡಿಗೆ ಸರಾಸರಿ 500 ಎಂದರೂ ಒಂದೂವರೆ ಲಕ್ಷ ಹಕ್ಕಿ. ಅಮೆರಿಕದಲ್ಲಿ ವರ್ಮಾಂಟಿನ ಬೆಟ್ಟಗಳಿಂದ ಬಾಸ್ಟನ್ನಿಗೆ ಹೀಗೇ ನಡೆಸುತ್ತಿದ್ದರು. ಕತ್ತಲಾದರೆ ಎಲ್ಲಿದ್ದರಲ್ಲಿ ಮರ ಹತ್ತಿ ಕೂರುವ ಹಕ್ಕಿ. ಒಮ್ಮೆ ಹತ್ತಿತೆಂದರೆ ಬೆಳಗಾಗುವವರೆಗೆ ಇಳಿಯದು. ಸಂಜೆ ಎಲ್ಲಿ ತಂಗಬೇಕು ಎಂದು ನಿರ್ಧರಿಸುವುದು ಹಿಂಡೇ ಹೊರತು ಮಾಲೀಕನಲ್ಲ.

ಹೆನ್ರಿ ಹೂಕರ್ ಎಂಬಾತನ ಕತೆ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇವನ ಅಂಗಡಿ 1866ರ ಬೆಂಕಿಯಲ್ಲಿ ಸುಟ್ಟಿತು. ಉಳಿದ ದುಡ್ಡಿನಲ್ಲಿ ಒಂದೂವರೆ ಡಾಲರಿಗೊಂದರಂತೆ 500 ಟರ್ಕಿ ಕೊಂಡು, ನಾಯಿಗಳ ನೆರವಿನಿಂದ ಸಿಯೆರಾ ನೆವಾಡಾ ಪರ್ವತ ದಾಟಿಸಿ ಗಣಿ ಊರಾದ ಕಾರ್ಸನ್ ಸಿಟಿಗೆ ಹೊರಟ. ಕಡಿದಾದ ಒಂದು ಇಳಿಜಾರಿನಲ್ಲಿ ನಾಯಿಗಳು ಒತ್ತಿದ್ದಕ್ಕೆ ಇಡೀ ಹಿಂಡು ಕಮರಿಗೆ ಹಾರಿತು. ಮುಗಿಯಿತು ಎಂದುಕೊಂಡು ಕೆಳಗಿಳಿದು ನೋಡಿದರೆ ಹಕ್ಕಿಗಳು ಆರಾಮಾಗಿ ಓಡಾಡುತ್ತಿದ್ದವು! ರೆಕ್ಕೆ ಇರುವುದು ಮರೆತಿದ್ದ ಪುಣ್ಯಾತ್ಮ. ಕಾರ್ಸನ್ ಸಿಟಿಯಲ್ಲಿ ಒಂದೊಂದೂ ಐದು ಡಾಲರಿಗೆ ಹೋಯಿತು. ಆ ದುಡ್ಡು ದನ ವ್ಯಾಪಾರಕ್ಕೆ ಮೂಲವಾಗಿ, ಕೊನೆಗೆ ಆತ ಅರಿಜೋನಾದ ದೊಡ್ಡ ದನದ ಫಾರ್ಮಿನ ಒಡೆಯನಾದ. ಈ ಕತೆಯಲ್ಲಿ ಗಮನಿಸಬೇಕಾದದ್ದು ಲಾಭವನ್ನಲ್ಲ. ಈಗ ಶೆಡ್ಡಿನಲ್ಲಿ ಬೆಳೆಯುವ ಟರ್ಕಿಗೆ ಪರ್ವತ ದಾಟುವುದಿರಲಿ, ಮೊಣಕಾಲೆತ್ತರಕ್ಕೆ ಹಾರುವುದೂ ಆಗದು.

ಕೋಳಿ ಓಡಾಡಿದ ನೆಲ

ರೋಡ್ ಐಲ್ಯಾಂಡ್ ಅಮೆರಿಕದ ಪುಟ್ಟ ರಾಜ್ಯ. ನಮ್ಮ ಒಂದು ಜಿಲ್ಲೆಯಷ್ಟೂ ಇಲ್ಲ. 19ನೇ ಶತಮಾನದ ಕೊನೆಯಲ್ಲಿ ಅಲ್ಲಿನ ಟರ್ಕಿಗೆ ದೊಡ್ಡ ಹೆಸರು. ವೆಸ್ಟರ್ಲಿಯ ಹೊರೇಸ್ ವೋಸ್ ಎಂಬ ಸಾಕಣೆದಾರ 1873ರಿಂದ ತಾನು ಸಾಯುವ 1913ರವರೆಗೆ ಅಧ್ಯಕ್ಷರ ಶ್ವೇತಭವನಕ್ಕೆ ಹಬ್ಬದ ಟರ್ಕಿ ಕಳಿಸುತ್ತಿದ್ದ. ಆದರೆ ಅದೇ ರಾಜ್ಯದ ರೈತರು 1890ರ ದಶಕದಲ್ಲಿ ಕಂಗಾಲಾದರು. ಮರಿಗಳು ಜೋಲು ಬಿದ್ದು, ಗಂಧಕದಂಥ ಹಳದಿ ಹಿಕ್ಕೆ ಹಾಕಿ ಸಾಲು ಸಾಲಾಗಿ ಸತ್ತವು. ಕೊಯ್ದು ನೋಡಿದರೆ ಪಿತ್ತಜನಕಾಂಗದ ಮೇಲೆ ಬಿಲ್ಲೆ ಬಿಲ್ಲೆ ಮಚ್ಚೆ. ಕೆಲವದರ ತಲೆ ಕಪ್ಪಾಗಿತ್ತೆಂದು ಜನ 'ಬ್ಲ್ಯಾಕ್‌ಹೆಡ್' ಎಂದು ಕರೆದರು. ತಲೆ ಕಪ್ಪಾಗುವುದು ಈ ರೋಗದ ಖಚಿತ ಲಕ್ಷಣವೇನಲ್ಲ, ಆದರೂ ಹೆಸರು ಅಂಟಿಕೊಂಡಿತು.

ಸರ್ಕಾರ ಕಳಿಸಿದ್ದು ಥಿಯೋಬಾಲ್ಡ್ ಸ್ಮಿತ್ ಎಂಬ ವಿಜ್ಞಾನಿಯನ್ನು. ದನಗಳ ಜ್ವರವನ್ನು ಉಣುಗು ಹರಡುತ್ತದೆ ಎಂದು 1893ರಲ್ಲಿ ತೋರಿಸಿಕೊಟ್ಟ ತಂಡದ ಮುಖ್ಯಸ್ಥ ಈತನೇ. 1895ರಲ್ಲಿ ಈತ ಬ್ಲ್ಯಾಕ್‌ಹೆಡ್‌ಗೆ ಕಾರಣ ಕಣ್ಣಿಗೆ ಕಾಣದ ಏಕಕೋಶ ಜೀವಿ ಎಂದು ಹೇಳಿದ. ಅದು ಎಲ್ಲಿಂದ ಬರುತ್ತದೆ? ಅದನ್ನು ಕಂಡುಹಿಡಿಯಲು ಮತ್ತೆ ಇಪ್ಪತ್ತೈದು ವರ್ಷ ಹಿಡಿಯಿತು. 1920ರಲ್ಲಿ ಗುಟ್ಟು ಬಯಲಾಯಿತು. ಕೋಳಿಯ ಕರುಳಿನಲ್ಲಿ ಇರುವ ಸಣ್ಣ ಜಂತುಹುಳದ ಮೊಟ್ಟೆಯೊಳಗೆ ಈ ಜೀವಿ ಕುಳಿತಿರುತ್ತದೆ. ಬಯಲಿಗೆ ಬಿದ್ದರೆ ಅದು ತಾನಾಗಿ ಕೆಲವು ಗಂಟೆಯೂ ಬದುಕುವುದು ಕಷ್ಟ. ಜಂತುವಿನ ಮೊಟ್ಟೆಯೊಳಗೆ ಸೇರಿದರೆ ಮಣ್ಣಿನಲ್ಲಿ ವರ್ಷಗಟ್ಟಲೆ ಇರಬಲ್ಲದು. ಎರೆಹುಳವೂ ಆ ಮೊಟ್ಟೆಯನ್ನು ನುಂಗಿ ಇಟ್ಟುಕೊಳ್ಳುತ್ತದೆ ಎಂದು ಆಮೇಲೆ ತಿಳಿಯಿತು. ಕೋಳಿಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಹೊತ್ತು ತಿರುಗುತ್ತದೆ, ಅಷ್ಟೆ. ಅದೇ ಅಂಗಳದಲ್ಲಿ ಕೆದಕಿ ಎರೆಹುಳ ತಿಂದ ಟರ್ಕಿಗೆ ಸಾವು.

ಇದರ ಅರ್ಥ ಏನು ನೋಡಿ. ಟರ್ಕಿಯೂ ಕೋಳಿಯೂ ಒಟ್ಟಿಗೆ ಅಂಗಳದಲ್ಲಿ ಮೇಯುವುದೇ ಸಣ್ಣ ಮನೆತನದ ಸಾಕಣೆಯ ಚೆಲುವು, ಅನುಕೂಲ. ರೋಗ ಬಂದದ್ದೂ ಆ ಅನುಕೂಲದೊಳಗಿಂದಲೇ. ಅಮೆರಿಕದ ಗಣತಿಯಲ್ಲಿ 1900ರಲ್ಲಿ ಸುಮಾರು 66 ಲಕ್ಷವಿದ್ದ ಟರ್ಕಿಗಳು 1910ರಲ್ಲಿ ಸುಮಾರು 37 ಲಕ್ಷಕ್ಕೆ ಇಳಿದವು. ಎಲ್ಲವೂ ಈ ರೋಗದಿಂದಲ್ಲ. ಬಯಲು ಕಡಿಮೆಯಾಯಿತು, ಬೇಲಿ ಹೆಚ್ಚಾಯಿತು. ಆದರೂ ಹಳೆಯ ಪೂರ್ವ ರಾಜ್ಯಗಳಲ್ಲಿ ಮನೆಮನೆಯ ಸಾಕಣೆಯ ಬೆನ್ನು ಮುರಿದದ್ದರಲ್ಲಿ ಬ್ಲ್ಯಾಕ್‌ಹೆಡ್ ಪಾಲು ದೊಡ್ಡದು.

1920ರ ದಶಕದಲ್ಲಿ ವಿಸ್ತರಣಾ ತಜ್ಞರು ಪರಿಹಾರ ಹೇಳಿದರು. ತಾಯಿಯ ಕೆಳಗೆ ಮರಿ ಮಾಡಬೇಡಿ, ಕಾವು ಯಂತ್ರದಲ್ಲಿ ಮಾಡಿ. ಮರಿಗಳನ್ನು ತಂತಿ ಜಾಲರಿಯ ಮೇಲೆ ಸಾಕಿ, ನೆಲ ಮುಟ್ಟಿಸಬೇಡಿ. ಕೋಳಿ ಕಾಲಿಡದ ಹೊಸ ಜಾಗಕ್ಕೆ ಬಿಡಿ, ಜಾಗ ಬದಲಿಸುತ್ತಾ ಇರಿ. ಒಳ್ಳೆಯ ಸಲಹೆಯೇ. ಪಾಲಿಸಿದವರು ಗೆದ್ದರು. ಆದರೆ ಪಾಲಿಸಲು ಯಂತ್ರ ಬೇಕು, ಜಾಲರಿ ಬೇಕು, ಖಾಲಿ ಜಾಗ ಬೇಕು, ಮೊದಲೇ ಹಾಕಲು ದುಡ್ಡು ಬೇಕು. ಆರು ಹೇಂಟೆಯ ಮನೆಯಾಕೆಗೆ ಅದು ಎಲ್ಲಿಂದ ಬರಬೇಕು? ಆಕೆ ಕೈಬಿಟ್ಟಳು. ಸಾವಿರ ಸಾಕಬಲ್ಲವನು ಹಿಡಿದುಕೊಂಡ. ಹಿತ್ತಲಿನ ಟರ್ಕಿಯನ್ನು ಕಂಪನಿಗಳು ಕಸಿದುಕೊಂಡವು ಎಂದು ಬರೆಯುವವರಿದ್ದಾರೆ. ನಮಗೆ ಹಾಗೆ ಕಾಣುವುದಿಲ್ಲ. ಕಂಪನಿ ಬರುವ ಮೊದಲೇ ಹಿತ್ತಲು ಖಾಲಿಯಾಗಿತ್ತು.

ಎದೆ ಅಗಲವಾದಾಗ

ಮುಂದಿನ ಅಧ್ಯಾಯ ತಳಿಯದು. ಇಂಗ್ಲೆಂಡಿನಿಂದ ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ ವಲಸೆ ಹೋದ ಜೆಸ್ಸಿ ಥ್ರಾಸೆಲ್ 1920ರ ದಶಕದಲ್ಲಿ ತನ್ನ ಊರಿನ ಅಗಲ ಎದೆಯ ಟರ್ಕಿಗಳನ್ನು ತರಿಸಿಕೊಂಡ. ಅವುಗಳ ಸಂತತಿ ಅಮೆರಿಕದ ವಾಷಿಂಗ್ಟನ್, ಓರೆಗಾನ್ ರಾಜ್ಯಗಳ ಬ್ರಾಂಜ್ ಟರ್ಕಿಗಳೊಡನೆ ಸೇರಿ 'ಬ್ರಾಡ್ ಬ್ರೆಸ್ಟೆಡ್ ಬ್ರಾಂಜ್' ಹುಟ್ಟಿತು. ಕೆಲವೇ ವರ್ಷಗಳಲ್ಲಿ ಅದು ಮಾರುಕಟ್ಟೆಯನ್ನು ಆಳಿತು. ಕಪ್ಪು ಪುಕ್ಕದ ಬುಡ ಚರ್ಮದಲ್ಲಿ ಮಚ್ಚೆಯಂತೆ ಉಳಿಯುತ್ತದೆ ಎಂದು ಆಮೇಲೆ ಅದನ್ನು ಬಿಳಿಯಾಗಿಸಿದರು. 1960ರ ದಶಕದಿಂದ ಬಿಳಿಯದ್ದೇ ರಾಜ್ಯ.

ಎದೆ ಅಗಲವಾದಷ್ಟೂ ಹುಂಜಕ್ಕೆ ಹೇಂಟೆಯ ಮೇಲೆ ನಿಲ್ಲುವುದು ಕಷ್ಟವಾಯಿತು. ಕೊನೆಗೆ ಆಗದೇ ಹೋಯಿತು. ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್ ಸರ್ಕಾರಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1930ರ ದಶಕದಲ್ಲಿ ಕೋಳಿ, ಟರ್ಕಿಗಳಿಗೆ ಕೃತಕ ಗರ್ಭಧಾರಣೆಯ ವಿಧಾನ ರೂಪಿಸಿದ್ದರು. ಅದು ಈಗ ಊರುಗೋಲಾಯಿತು. ಇವತ್ತು ಜಗತ್ತಿನ ಅಂಗಡಿಗಳಲ್ಲಿ ಸಿಗುವ ಟರ್ಕಿ ಮಾಂಸದ ಬಹುಪಾಲು ಮನುಷ್ಯರ ಕೈ ಇಲ್ಲದೆ ಒಂದು ತಲೆಮಾರೂ ಮುಂದುವರಿಯಲಾರದ ಹಕ್ಕಿಯದು. ಮೂಲ ತಳಿಯ ಹಿಂಡುಗಳು ಎರಡು ಮೂರು ಬಹುರಾಷ್ಟ್ರೀಯ ಸಂಸ್ಥೆಗಳ ಕೈಯಲ್ಲಿವೆ. ಬಿತ್ತನೆ ಬೀಜದ ಕತೆ ಗೊತ್ತಿರುವ ನಿಮಗೆ ಇದು ಬೇರೆ ಕತೆಯಲ್ಲ.

ಬೆಲ್ಟ್ಸ್‌ವಿಲ್ ಹೆಸರು ಬಂದಾಗ ಇನ್ನೊಂದು ಹೇಳಬೇಕು. ಅದೇ ಕೇಂದ್ರ 1934ರಿಂದ 1941ರವರೆಗೆ ದುಡಿದು ಸಣ್ಣ ಕುಟುಂಬಕ್ಕೆ, ಸಣ್ಣ ಒಲೆಗೆ ಹೊಂದುವ ಪುಟ್ಟ ಬಿಳಿ ಟರ್ಕಿಯನ್ನು ರೂಪಿಸಿತ್ತು. ಬೆಲ್ಟ್ಸ್‌ವಿಲ್ ಸ್ಮಾಲ್ ವೈಟ್. ತಾನಾಗಿ ಸಂಗ ಮಾಡುವ, ಚೆನ್ನಾಗಿ ಮೊಟ್ಟೆ ಇಡುವ ಹಕ್ಕಿ. 1940, 50ರ ದಶಕಗಳಲ್ಲಿ ಭಾರೀ ಜನಪ್ರಿಯ. ಆದರೆ ಹೋಟೆಲಿನವರಿಗೆ, ತುಂಡು ಮಾಡಿ ಮಾರುವವರಿಗೆ ದೊಡ್ಡದೇ ಬೇಕಿತ್ತು. ಸಣ್ಣದು ಬೇಕೆಂದವರಿಗೆ ದೊಡ್ಡ ತಳಿಯನ್ನೇ ಎಳೆಯದರಲ್ಲಿ ಕೊಯ್ದು ಕೊಟ್ಟರಾಯಿತು. 1970ರ ದಶಕದ ಹೊತ್ತಿಗೆ ಸ್ಮಾಲ್ ವೈಟ್ ಹುಡುಕಿದರೂ ಸಿಗದಂತಾಯಿತು. ಸರ್ಕಾರ ಮಾಡಿದ, ಜನ ಮೆಚ್ಚಿದ ತಳಿಯೇ ಮೂವತ್ತು ವರ್ಷದಲ್ಲಿ ಹೀಗೆ ಮಾಯವಾಯಿತು. ಅಂದ ಹಾಗೆ, ಹುಂಜದ ಸಂಗವಿಲ್ಲದೆ ಇಟ್ಟ ಕೆಲವು ಟರ್ಕಿ ಮೊಟ್ಟೆಗಳೊಳಗೂ ಮರಿ ಬೆಳೆಯತೊಡಗುತ್ತದೆ ಎಂಬುದನ್ನು 1950ರ ದಶಕದಲ್ಲಿ ಕಂಡದ್ದೂ ಬೆಲ್ಟ್ಸ್‌ವಿಲ್‌ನಲ್ಲೇ. ಹಾಗೆ ಹುಟ್ಟಿದವೆಲ್ಲ ಗಂಡೇ!

1997ರಲ್ಲಿ ಅಮೆರಿಕದ ಜಾನುವಾರು ತಳಿ ಸಂರಕ್ಷಣಾ ಸಂಸ್ಥೆಯೊಂದು ಹಳೆಯ ಟರ್ಕಿ ತಳಿಗಳ ಎಣಿಕೆ ಮಾಡಿತು. ಎಲ್ಲ ತಳಿ ಸೇರಿಸಿ, ಇಡೀ ದೇಶದಲ್ಲಿ, ಮರಿ ಮಾಡಲು ಉಳಿಸಿಕೊಂಡಿದ್ದ ಹಕ್ಕಿಗಳು 1,335. ಕೋಟಿಗಟ್ಟಲೆ ಟರ್ಕಿ ತಿನ್ನುವ ದೇಶದಲ್ಲಿ!

ಉಳಿಸಿದವರು ಯಾರು? ಒಂದಷ್ಟು ವಯಸ್ಸಾದ ಹವ್ಯಾಸಿಗಳು. ಲಾಭವಿಲ್ಲದಿದ್ದರೂ ಅಜ್ಜನ ಕಾಲದ ಹಿಂಡನ್ನು ಬಿಡದವರು. ಕನ್ಸಾಸ್‌ನ ಫ್ರಾಂಕ್ ರೀಸ್ ಅವರ ಹೆಸರು ಈ ವಿಷಯದಲ್ಲಿ ಎಲ್ಲ ಕಡೆ ಬರುತ್ತದೆ. ತಮಗೆ ಕಲಿಸಿದ ಹಿರಿಯರಿಂದ ಬಂದ ಬ್ರಾಂಜ್ ಹಿಂಡನ್ನು ಮುಂದುವರಿಸಿದವರು ಅವರು. 2000ದ ದಶಕದ ಆರಂಭದಲ್ಲಿ 'ಸ್ಲೋ ಫುಡ್' ಚಳವಳಿಯವರು ಹಳೆಯ ತಳಿಗಳನ್ನು ಕಾಪಾಡಬೇಕಾದ ಆಹಾರಗಳ ಪಟ್ಟಿಗೆ ಸೇರಿಸಿ, ಹಬ್ಬಕ್ಕೆ ಮೊದಲೇ ದುಡ್ಡು ಕೊಟ್ಟು ಕಾಯ್ದಿರಿಸುವ ಗ್ರಾಹಕರನ್ನು ಹುಡುಕಿಕೊಟ್ಟರು. ತಿನ್ನುವವರು ಸಿಕ್ಕಿದ ಮೇಲೆ ಸಾಕುವವರೂ ಬಂದರು. ಹಕ್ಕಿಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಹಲವು ಪಟ್ಟಾಯಿತು.

ಆದರೆ ಪುಕ್ಕಟೆ ಏನೂ ಬರಲಿಲ್ಲ. ಶೆಡ್ಡಿನ ಟರ್ಕಿ ಹೆಣ್ಣಾದರೆ 14, ಗಂಡಾದರೆ 20 ವಾರದೊಳಗೆ ಮಾರಾಟಕ್ಕೆ ಸಿದ್ಧ. ಹಳೆಯ ತಳಿಗೆ 26ರಿಂದ 28 ವಾರ ಬೇಕು. ಅಷ್ಟು ದಿನದ ಮೇವಿನ ಖರ್ಚು ಬೆಲೆಯಲ್ಲಿ ಸೇರಲೇಬೇಕು. ಹಾಗಾಗಿ ಇದು ಅಲ್ಲಿಯೂ ಕೈ ತುಂಬಿದವರ ಊಟದ ಹಕ್ಕಿ. ಬ್ಲ್ಯಾಕ್‌ಹೆಡ್ ಕೂಡ ಹೋಗಿಲ್ಲ. ಅದಕ್ಕೆ ಬಳಸುತ್ತಿದ್ದ, ಆರ್ಸೆನಿಕ್ ಇರುವ ಕೊನೆಯ ಔಷಧಿಯನ್ನು 2015ರ ಕೊನೆಗೆ ಅಮೆರಿಕದಲ್ಲಿ ಹಿಂದಕ್ಕೆ ಪಡೆದರು. ನೂರು ವರ್ಷದ ಹಿಂದಿನ ಸಲಹೆಯೇ ಈಗಲೂ ಗತಿ: ಕೋಳಿಯಿಂದ ದೂರ ಇಡಿ.

ಇಲ್ಲಿ ಸಾಕುವುದಾದರೆ

ಭಾರತದಲ್ಲಿ ಟರ್ಕಿಯ ಬಗ್ಗೆ ಗಂಭೀರ ಕೆಲಸ ನಡೆದದ್ದು ಮುಖ್ಯವಾಗಿ ಚೆನ್ನೈನ ನಂದನಂನಲ್ಲಿದ್ದ ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯದ ಕೋಳಿ ಸಂಶೋಧನಾ ಕೇಂದ್ರದಲ್ಲಿ, ಉತ್ತರ ಪ್ರದೇಶದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯಲ್ಲಿ. ನಂದನಂ ಹೆಸರಿನ ತಳಿಗಳು ಅಲ್ಲಿಂದ, 'ಕ್ಯಾರಿ ವಿರಾಟ್' ಇಲ್ಲಿಂದ. ತಮಿಳರು 'ವಾನ್ ಕೋಳಿ' ಎನ್ನುವ ಈ ಹಕ್ಕಿ ಅವರಲ್ಲೂ ಕೇರಳದಲ್ಲೂ ನಮಗಿಂತ ಹೆಚ್ಚು ಬಳಕೆಯಲ್ಲಿದೆ. ನಮ್ಮಲ್ಲಿ ಬೆಂಗಳೂರು, ಮಂಗಳೂರಿನ ಕ್ರಿಸ್‌ಮಸ್ ಬೇಡಿಕೆ ಬಿಟ್ಟರೆ ಉಳಿದದ್ದು ಶೋಕಿಗೆ, ಇಲ್ಲವೇ "ಹಾವು ಬರುವುದಿಲ್ಲ" ಎಂಬ ನಂಬಿಕೆಗೆ.

ಮರಿ ಕೊಳ್ಳುವ ಮೊದಲು ಮಾರುವವರನ್ನು ಕೇಳಬೇಕಾದದ್ದು "ಎಷ್ಟು ಕೆಜಿ ಬರುತ್ತದೆ" ಎಂದಲ್ಲ. ಇವು ತಾವೇ ಜೋಡಿಯಾಗುತ್ತವೆಯೇ, ಹೇಂಟೆ ಕಾವು ಕೂರುತ್ತದೆಯೇ ಎಂದು. ಅಗಲ ಎದೆಯ ಬಿಳಿ ತಳಿಯಾದರೆ ಪ್ರತಿ ಸಲವೂ ಮರಿ ಕೊಳ್ಳಲೇಬೇಕು. ಗಿರಿರಾಜ ಸಾಕಿದವರಿಗೆ ಈ ಮಾತು ತಕ್ಷಣ ಅರ್ಥವಾಗುತ್ತದೆ. ಮೊಟ್ಟೆ ಸಿಗುತ್ತದೆ, ಮಾಂಸ ಸಿಗುತ್ತದೆ, ಆದರೆ ಊರಕೋಳಿಯಂತೆ ಕಾವು ಕೂತು ಮರಿ ಎಬ್ಬಿಸುವುದಿಲ್ಲ. ನಾಲ್ಕು ಹೇಂಟೆ, ಒಂದು ಹುಂಜದಿಂದ ಶುರುಮಾಡುವ ಮನೆಗೆ ಹಳೆಯ ಬಣ್ಣದ, ಹಗುರ ಮೈಯ ಹಕ್ಕಿಯೇ ಸರಿ. ತೂಕ ಕಡಿಮೆ, ಆದರೆ ಮುಂದಿನ ವರ್ಷದ ಮರಿ ನಿಮ್ಮಲ್ಲೇ ಹುಟ್ಟುತ್ತದೆ.

ಜಾಗದ ವಿಷಯದಲ್ಲಿ ರಾಜಿ ಬೇಡ. ಊರಕೋಳಿ ಓಡಾಡುವ ಅಂಗಳ, ತಿಪ್ಪೆ, ಅಡಿಕೆ ತೋಟದ ಒದ್ದೆ ಬುಡ ಇದಕ್ಕಲ್ಲ. ಕೋಳಿ ಬಿಡುವುದಿಲ್ಲ ಎನ್ನುವವರು ಟರ್ಕಿ ಬಿಡಿ. ಎರಡೂ ಬೇಕೆಂದರೆ ನಡುವೆ ಬೇಲಿ, ಬೇರೆ ನೀರಿನ ಪಾತ್ರೆ, ಕೋಳಿ ಗೂಡು ಗುಡಿಸಿದ ಚಪ್ಪಲಿಯನ್ನು ಹೊರಗೆ ಬಿಟ್ಟು ಹೋಗುವ ಅಭ್ಯಾಸ. ಕೊಕ್ಕರೆ ರೋಗದ ಲಸಿಕೆ ಇದಕ್ಕೂ ಬೇಕು. ರೋಗವೇ ಬಾರದ ಕೋಳಿ ಎಂಬ ಮಾತನ್ನು ಇಲ್ಲಿಗೆ ಬಿಡೋಣ.

ಮೊದಲ ಹದಿನೈದು ದಿನವೇ ಅಸಲಿ ಪರೀಕ್ಷೆ. ಯಂತ್ರದಲ್ಲಿ ಹುಟ್ಟಿದ ಟರ್ಕಿ ಮರಿಗೆ ತಿನ್ನುವುದು ಗೊತ್ತಿರುವುದಿಲ್ಲ. ತಟ್ಟೆ ತುಂಬ ಆಹಾರ ಇದ್ದರೂ ಹಸಿದು ಸಾಯುತ್ತದೆ. ತಾಯಿಯ ಹಿಂದೆ ಬೆಳೆದದ್ದಾದರೆ ಅವಳು ಕುಕ್ಕಿದ್ದನ್ನು ತಾನೂ ಕುಕ್ಕಿ ಕಲಿಯುತ್ತದೆ. ತಾಯಿ ಇಲ್ಲದ ಕಡೆ ಬಣ್ಣದ ಗೋಲಿಗಳನ್ನು ಆಹಾರದ ತಟ್ಟೆಯಲ್ಲಿ, ನೀರಿನಲ್ಲಿ ಹಾಕಿಡುತ್ತಾರೆ. ಹೊಳೆಯುವುದನ್ನು ಕುಕ್ಕಲು ಹೋದ ಮರಿಯ ಬಾಯಿಗೆ ಕಾಳು ಸಿಗುತ್ತದೆ. ಲೀಟರ್ ನೀರಿಗೆ 100 ಮಿಲಿ ಹಾಲು, ಹತ್ತು ಮರಿಗೆ ಒಂದರಂತೆ ಪುಡಿ ಮಾಡಿದ ಬೆಂದ ಮೊಟ್ಟೆ ಕೊಡುವುದು ತಮಿಳುನಾಡಿನ ತಜ್ಞರ ಸಲಹೆ. ನಮಗೆ ಗೊತ್ತಿರುವ ಕೆಲವರು ಇನ್ನೂ ಸುಲಭದ ದಾರಿ ಹಿಡಿದಿದ್ದಾರೆ. ಎರಡು ಕೋಳಿ ಮರಿಗಳನ್ನು ಗುಂಪಿಗೆ ಬಿಡುತ್ತಾರೆ. ಅವು ತಿನ್ನುವುದನ್ನು ನೋಡಿ ಟರ್ಕಿ ಮರಿ ಕಲಿಯುತ್ತದೆ. ಯಂತ್ರದಿಂದ ಆಗಷ್ಟೇ ಹೊರಬಂದ, ನೆಲವನ್ನೇ ಮುಟ್ಟಿರದ ಕೋಳಿ ಮರಿಯಾದರೆ ಅಡ್ಡಿಯಿಲ್ಲ. ಅಂಗಳದಿಂದ ಹಿಡಿದು ತಂದದ್ದನ್ನು ಮಾತ್ರ ಬಿಡಬೇಡಿ.